ಮಂಡಕ್ಕಿ ಪುಸ್ತಕಗಳ ಪರವಾಗಿ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಏನು ಸಿಟ್ಟಪ್ಪಾ ನಿನಗೆ! ಪುಸ್ತಕ ಹಿಡಿಸಲಿಲ್ಲ ಅಂದಿದ್ದರೆ ಸಾಕಿತ್ತು. ಬರೆದವರು, ಮಾರಿದವರು, ಓದಿ ಮೆಚ್ಚಿದವರು ಯಾರನ್ನೂ ಬಿಡದೆ ಬೈದಿದ್ದೀಯ. ಮೆಚ್ಚಿದವರಲ್ಲಿ ನಾನೂ ಇದ್ದೇನೆ, ನಮ್ಮ ಅತ್ತಿಗೆಯೂ ಇದ್ದಾರೆ. ಫೋನ್ ಮಾಡಿದರೆ ನೀನು ನನಗೆ ಮಾತಾಡೋಕೆ ಬಿಡಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಂಥವರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಎಲ್ಲರ ಮುಂದೆಯೇ ಹಾಕುತ್ತಿದ್ದೇನೆ.

ನೀನು ಅರ್ಧಕ್ಕೇ ಮುಚ್ಚಿಟ್ಟ ‘ದಿ ಹೌಸ್‌ಮೇಡ್’ ಇಲ್ಲಿ ದಾವಣಗೆರೆಯಲ್ಲೂ ಜಗಳ ಹಚ್ಚಿದೆ. ಫ್ರೀಡಾ ಮ್ಯಾಕ್‌ಫ್ಯಾಡನ್ ಬರೆದದ್ದು, 2022ರ ಇಂಗ್ಲಿಷ್ ಥ್ರಿಲ್ಲರ್. ಆಕೆ ವೃತ್ತಿಯಲ್ಲಿ ಡಾಕ್ಟರ್. 2025ರ ಕೊನೆಗೆ ಅದು ಸಿನಿಮಾನೂ ಆಯಿತಲ್ಲ, ಆಮೇಲೆ ಓದುವವರು ಇನ್ನೂ ಜಾಸ್ತಿಯಾದರು. ಕುಂದವಾಡ ಕೆರೆ ಮೇಲೆ ಸಂಜೆ ವಾಕಿಂಗ್ ಬರುವ ನಮ್ಮ ಗುಂಪಿನಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. ಅವರು ಇಂಥ ಥ್ರಿಲ್ಲರ್‌ಗಳಿಗೆ ‘ಮಂಡಕ್ಕಿ ಪುಸ್ತಕ’ ಅಂತ ಹೆಸರಿಟ್ಟಿದ್ದಾರೆ. ಎಷ್ಟು ಮುಕ್ಕಿದರೂ ಹೊಟ್ಟೆ ತುಂಬಲ್ಲ ಅಂತ ಅವರ ಮಾತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ದಾವಣಗೆರೆಯಲ್ಲಿ ನಿಂತು ಮಂಡಕ್ಕಿಯನ್ನು ಹಗುರ ಮಾಡಬಹುದಾ? ಭಟ್ಟಿಯ ಹತ್ತಿರ ಹೋಗಿ ನಿಂತು ನೋಡಲಿ. ಆ ಶಾಖ, ಆ ಹೊಗೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಗಳಿಗೆ. ಸ್ವಲ್ಪ ತಡವಾದರೆ ಸೀದುಹೋಗುತ್ತದೆ, ಅವಸರ ಮಾಡಿದರೆ ಅರಳುವುದೇ ಇಲ್ಲ. ತಿನ್ನುವುದು ಸುಲಭ ಅಂತ ಮಾಡುವುದೂ ಸುಲಭ ಅಂದುಕೊಂಡರೆ ಹೇಗೆ?

ನಿನ್ನ ಮೊದಲ ತಕರಾರು ಅದೇ ತಾನೆ, ‘ಭಾಷೆ ತೀರಾ ಸರಳ, ಹೈಸ್ಕೂಲ್ ಹುಡುಗರೂ ಬರೀತಾರೆ’ ಅಂತ. ಬರೀಲಿ ನೋಡೋಣ. ಪುಟ್ಟ ಪುಟ್ಟ ಅಧ್ಯಾಯ, ನಾಲ್ಕೈದು ಪಾತ್ರ, ಒಂದು ಮನೆ. ಬೆಟ್ಟ, ಮಳೆ, ಸಂಜೆಯ ಬಣ್ಣ ಇವುಗಳ ವರ್ಣನೆಗೆ ಜಾಗವಿಲ್ಲ. ಪ್ರತಿ ಅಧ್ಯಾಯವೂ ಒಂದು ಅನುಮಾನ ಹುಟ್ಟಿಸಿ ನಿಲ್ಲಬೇಕು, ಆ ಅನುಮಾನ ಹಿಂದಿನದಕ್ಕಿಂತ ಒಂದು ಕೂದಲೆಳೆ ದೊಡ್ಡದಿರಬೇಕು. ಎಲ್ಲಿ ಓದುಗ ಫೋನ್ ಕೈಗೆ ತಗೊಳ್ಳುತ್ತಾನೋ ಅಲ್ಲಿ ಕಥೆ ಸತ್ತಿತು. ನಮ್ಮಲ್ಲಿ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನಂಥವರನ್ನು ಇಟ್ಟುಕೊಂಡು ನೂರಾರು ಕಾದಂಬರಿ ಬರೆದರಲ್ಲ, ಬಸ್ ಸ್ಟ್ಯಾಂಡಿನಲ್ಲಿ ಅವನ್ನು ಕೊಂಡು ಓದಿದವರು ಎಷ್ಟು ಜನ! ವಿಮರ್ಶಕರು ಅವರ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಕನ್ನಡ ಓದುವ ಚಟ ಹತ್ತಿದ್ದೇ ಅಲ್ಲಿ ಅಂತ ಹೇಳುವ ಹಿರಿಯರು ನಮ್ಮ ಊರಿನಲ್ಲಿ ಇನ್ನೂ ಸಿಗುತ್ತಾರೆ.

ನಮ್ಮ ಪಕ್ಕದ ಮನೆಯಲ್ಲಿ ರೂಮ್ ಮಾಡಿಕೊಂಡಿರುವ ಹುಡುಗಿಯೊಬ್ಬಳಿದ್ದಾಳೆ. ಜಗಳೂರು ಕಡೆಯವಳು. ಪಿಯುಸಿವರೆಗೂ ಕನ್ನಡ ಮೀಡಿಯಂ, ಈಗ ಬಿ.ಕಾಂ. ಇಂಗ್ಲಿಷ್ ಕಾದಂಬರಿ ಅಂದರೆ ಪಠ್ಯದಲ್ಲಿದ್ದದ್ದು, ಅದನ್ನೂ ಗೈಡ್ ನೋಡಿ ಪಾಸಾದವಳು. ಅತ್ತಿಗೆ ಕೊಟ್ಟ ‘ಹೌಸ್‌ಮೇಡ್’ ಅವಳು ಪೂರ್ತಿ ಓದಿದ ಮೊದಲ ಇಂಗ್ಲಿಷ್ ಪುಸ್ತಕ. ವಾಪಸ್ ಕೊಡಲು ಬಂದಾಗ ಆ ಮುಖ ನೋಡಬೇಕಿತ್ತು ನೀನು. ‘ಆಂಟಿ, ಡಿಕ್ಷನರಿ ನೋಡಲೇ ಇಲ್ಲ!’ ಅಂದಳು. ಅವಳಿಗೆ ಹೋಗಿ ‘ಇದು ಸಾಹಿತ್ಯವಲ್ಲಮ್ಮ’ ಅಂತ ಹೇಳುತ್ತೀಯಾ? ಧೈರ್ಯವಿದ್ದರೆ ಬಂದು ಹೇಳು.

ಅತ್ತಿಗೆಯ ಕಾರಣ ಬೇರೆ. ಬ್ಯಾಂಕಿನ ಕೆಲಸ ಮುಗಿಸಿ, ಅಡುಗೆ, ಮಕ್ಕಳ ಹೋಂವರ್ಕ್ ಎಲ್ಲ ಆದಮೇಲೆ ಅವರಿಗೆ ಸಿಗುವುದೇ ರಾತ್ರಿಯ ಒಂದಿಷ್ಟು ಹೊತ್ತು. ‘ಆಗ ನನಗೆ ಯೋಚನೆ ಮಾಡಿಸೋ ಪುಸ್ತಕ ಬೇಡಪ್ಪ, ನನ್ನ ಯೋಚನೆ ಮರೆಸೋ ಪುಸ್ತಕ ಬೇಕು’ ಅಂತಾರೆ. ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ.

ಹಾಗಂತ ಇಂಥ ಪುಸ್ತಕಗಳೆಲ್ಲ ಚೆನ್ನಾಗಿವೆ ಅನ್ನಲ್ಲ. ನಾಲ್ಕು ಓದಿದರೆ ಐದನೆಯದರ ವಾಸನೆ ಮೊದಲೇ ಬಡಿಯುತ್ತದೆ. ದೊಡ್ಡ ಮನೆ, ಅದರಲ್ಲಿ ಬೀಗ ಹಾಕಿದ ಒಂದು ಕೋಣೆ, ಹೆಂಡತಿಯ ಮೇಲೆ ಊರಿಗೆಲ್ಲ ಅನುಮಾನ. ಗಂಡ ತೀರಾ ಒಳ್ಳೆಯವನಾಗಿದ್ದರಂತೂ ಮೊದಲು ಅವನ ಮೇಲೆ ಕಣ್ಣಿಡಬೇಕು. ಆದರೆ ನನಗೆ ನಿಜವಾಗಿ ಸಿಟ್ಟು ಬರುವುದು ಸರಳತೆಗಲ್ಲ, ಮೋಸಕ್ಕೆ. ನೀನು ಎರಡನ್ನೂ ಕಲಸಿ ಬೈಯುತ್ತಿದ್ದೀಯ.

ಮೋಸ ಅಂದರೇನು ಅಂತ ಹೇಳುತ್ತೇನೆ. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ 1926ರದ್ದು. ನೀನು ಓದಿದ್ದೀಯ, ಅದಕ್ಕೇ ಗುಟ್ಟು ಬಿಚ್ಚುತ್ತಿದ್ದೇನೆ. ಓದದವರು ಈ ಪ್ಯಾರಾ, ಮುಂದಿನ ಪ್ಯಾರಾ ಹಾರಿಸಿಬಿಡಿ. ಅಲ್ಲಿ ಕಥೆ ಹೇಳುವ ಡಾಕ್ಟರನೇ ಕೊಲೆಗಾರ. ಆಗಲೂ ಓದುಗರು ಇಬ್ಭಾಗವಾದರು, ಇದು ಅನ್ಯಾಯ ಅಂತ ಕೆಲವರು ಕೂಗಾಡಿದರು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿಯೊಬ್ಬರು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನೇ ಮಾಡಿಟ್ಟರು, ಓದುಗನಿಂದ ಸುಳಿವು ಬಚ್ಚಿಡಬಾರದು ಅಂತ. ಆದರೆ ಕ್ರಿಸ್ಟಿಯ ಪುಸ್ತಕವನ್ನು ಮತ್ತೆ ಓದಿ ನೋಡು. ಡಾಕ್ಟರ್ ಓದುಗರಿಗೆ ಎಲ್ಲೂ ಸುಳ್ಳು ಹೇಳಿಲ್ಲ. ಒಂದು ಕಡೆ ಹತ್ತು ನಿಮಿಷದ ಲೆಕ್ಕ ಬಿಟ್ಟಿದ್ದಾನೆ, ಅಷ್ಟೇ. ಆಗ ಗಂಟೆ ಎಷ್ಟಾಗಿತ್ತು ಅನ್ನುವುದನ್ನೂ ನಮ್ಮ ಮುಂದೆಯೇ ಇಟ್ಟಿದ್ದಾನೆ. ನಾವು ನೋಡಲಿಲ್ಲ.

ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ ತಗೋ, 2012ರದ್ದು. ಅಲ್ಲಿ ಹೆಂಡತಿಯ ಡೈರಿ ಪೂರ್ತಿ ಸುಳ್ಳಿನ ಹೆಣಿಗೆ. ಆದರೂ ಮೋಸ ಅನಿಸಲ್ಲ. ಯಾಕೆಂದರೆ ಅವಳು ಅದನ್ನು ಬರೆದದ್ದೇ ಪೊಲೀಸರ ಕೈಗೆ ಸಿಗಲಿ ಅಂತ. ಸುಳ್ಳಿಗೆ ಕಥೆಯೊಳಗೇ ಕಾರಣವಿದೆ. ‘ದಿ ಗರ್ಲ್ ಆನ್ ದಿ ಟ್ರೇನ್’ನಲ್ಲಿ ಕಥೆ ಹೇಳುವವಳಿಗೆ ಕುಡಿತ, ಆ ರಾತ್ರಿ ಏನಾಯಿತು ಅಂತ ಅವಳಿಗೇ ನೆನಪಿಲ್ಲ. ಅವಳಿಗೆ ಗೊತ್ತಿಲ್ಲದ್ದನ್ನು ನಮಗೆ ಹೇಳು ಅಂದರೆ ಹೇಗೆ? ಅದೂ ನ್ಯಾಯವೇ.

ನನ್ನ ತಕರಾರು ಇರುವುದು ಇನ್ನೊಂದು ಜಾತಿಯ ಪುಸ್ತಕಗಳ ಜೊತೆ. ಪಾತ್ರ ತನ್ನ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಿದೆ, ಕೇಳುವವರು ಯಾರೂ ಇಲ್ಲ. ಆದರೂ ಮುಖ್ಯ ವಿಷಯ ಮಾತ್ರ ಯೋಚಿಸುವುದಿಲ್ಲ, ಯಾಕೆಂದರೆ ನಾವು ಓದುತ್ತಿದ್ದೇವಲ್ಲ! ಕೊನೆಯ ಇಪ್ಪತ್ತು ಪುಟಗಳಲ್ಲಿ ಗುಟ್ಟು ಬಿದ್ದಾಗ ‘ಅಬ್ಬಾ’ ಅನ್ನುತ್ತೇವೆ. ಹಿಂದಕ್ಕೆ ಹೋಗಿ ಓದಿದರೆ ಆ ಮನಸ್ಸಿನ ಮಾತುಗಳೆಲ್ಲ ಬೊಗಳೆ. ಇದು ಪಾತ್ರದ ಸುಳ್ಳಲ್ಲ, ಲೇಖಕರದ್ದು. ಹಾಗಾಗಿ ಪುಸ್ತಕ ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲ ಮೂರು ಅಧ್ಯಾಯ ಮತ್ತೆ ಓದಿ ಆಮೇಲೆ ಹೇಳುತ್ತೇನೆ. ‘ಹೌಸ್‌ಮೇಡ್’ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ ಅಂತ ನನ್ನ ಅನಿಸಿಕೆ. ಅರ್ಧಕ್ಕೆ ಬಂದಾಗ ಕಥೆ ಹೇಳುವ ಬಾಯಿಯೇ ಬದಲಾಗುತ್ತದೆ, ಆವರೆಗೂ ಹೇಳುತ್ತಿದ್ದವಳಿಗೆ ನಿಜ ಗೊತ್ತಿರುವುದೇ ಇಲ್ಲ. ನೀನು ಸರಿಯಾಗಿ ಆ ಜಾಗದಲ್ಲೇ ಪುಸ್ತಕ ಮುಚ್ಚಿದ್ದೀಯ ಮಾರಾಯ!

ಇನ್ನೊಂದು ಬೇಜಾರು ಇದೆ. ಕಥೆ ಕಟ್ಟಲು ಆಗದಿದ್ದಾಗ ‘ಅವಳಿಗೆ ತಲೆ ಸರಿಯಿರಲಿಲ್ಲ’ ಅಂತ ಮುಗಿಸುವುದು. ನಮ್ಮ ತ್ರಿವೇಣಿಯವರನ್ನು ನೆನಪು ಮಾಡಿಕೋ. ‘ಶರಪಂಜರ’ದ ಕಾವೇರಿಗೆ ಬಾಣಂತನದ ಹೊತ್ತಿನಲ್ಲಿ ಮನಸ್ಸಿನ ಕಾಯಿಲೆ ಬರುತ್ತದೆ, ವಾಸಿಯಾಗಿ ಮನೆಗೆ ಬರುತ್ತಾಳೆ. ನಿಜವಾದ ಭಯ ಶುರುವಾಗುವುದು ಆಮೇಲೆ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಅಲ್ಲಿ ಬೀಗದ ಕೋಣೆಯಿಲ್ಲ, ರಕ್ತವಿಲ್ಲ, ಆದರೂ ಎದೆ ಡವಡವ ಅನ್ನುತ್ತದೆ. ಭಾಷೆಯೋ, ನೀನು ಬೈಯುವ ಪುಸ್ತಕಗಳಷ್ಟೇ ಸರಳ. ನಮ್ಮಮ್ಮ ಅಡುಗೆಮನೆಯಲ್ಲಿ ಕೂತು ಓದುತ್ತಿದ್ದರು. 1971ರಲ್ಲಿ ಪುಟ್ಟಣ್ಣ ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಅದನ್ನು ನೋಡಿ ಊರೇ ಅತ್ತಿತ್ತಂತೆ.

ನಮ್ಮ ತರಾಸು ಕೂಡ ಅಷ್ಟೇ. ನಮ್ಮ ಮಲೇಬೆನ್ನೂರಿನಲ್ಲಿ ಹುಟ್ಟಿ ದುರ್ಗದ ಕಥೆ ಬರೆದವರು. ಜನ ಮುಗಿಬಿದ್ದು ಓದಿದರು ಅಂತ ಅವರನ್ನು ಯಾರೂ ಕೆಳಗಿಳಿಸಲಿಲ್ಲ, ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಮೇಷ್ಟ್ರಿಗೆ ಇದನ್ನು ಹೇಳಿದೆ. ‘ಅವರು ಬೇರೆ, ಇವರು ಬೇರೆ’ ಅಂದರು. ಹೇಗೆ ಬೇರೆ ಅಂತ ಕೇಳಿದ್ದಕ್ಕೆ ನಡಿಗೆ ಜೋರು ಮಾಡಿಬಿಟ್ಟರು!

ಈಗ ನೀನು ಮಾಡಬೇಕಾದ್ದು ಇಷ್ಟು. ಬಿಟ್ಟ ಪುಟದಿಂದ ಮುಂದಕ್ಕೆ ಓದು. ಓದಿಯೂ ಬೈಯಬೇಕು ಅನಿಸಿದರೆ ಧಾರಾಳವಾಗಿ ಬೈ, ಆದರೆ ಎಲ್ಲಿ ಮೋಸವಾಯಿತು ಅಂತ ಪುಟದ ನಂಬರ್ ಸಮೇತ ಹೇಳು. ಊರಿಗೆ ಬರುವಾಗ ಅದರ ಎರಡನೇ ಭಾಗ ತರಬೇಕಂತೆ, ಅತ್ತಿಗೆಯ ಆರ್ಡರ್. ಓದಲು ಪಕ್ಕದ ಮನೆಯ ಹುಡುಗಿಯೂ ಕಾಯುತ್ತಿದ್ದಾಳೆ. ಬೆಣ್ಣೆ ದೋಸೆ ನನ್ನ ಲೆಕ್ಕ.

ಇಂತಿ ನಿನ್ನ ಗೆಳೆಯ,
ದಾವಣಗೆರೆಯಿಂದ