ಮಗಳಿಗೊಂದು ಪತ್ರ: ವಿಯೆನ್ನಾದಲ್ಲಿ ನಾವು ಕಂಡ ವಸಂತ

ಪ್ರೀತಿಯ ಮಗಳೇ,

ವಿಯೆನ್ನಾದಲ್ಲಿ ನಾವಿದ್ದ ವರ್ಷಗಳ ಪೈಕಿ ಫೋಟೋಗಳಲ್ಲಿ ಕಾಣುವಷ್ಟು ಮಾತ್ರ ನಿನಗೆ ನೆನಪಿದೆ ಎಂದು ಮೊನ್ನೆ ಹೇಳಿದೆಯಲ್ಲ, ಅದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಫೋಟೋ ತೆಗೆದದ್ದೆಲ್ಲ ಸುತ್ತಾಡಲು ಹೋದ ದಿನಗಳಲ್ಲಿ; ಉಳಿದ ದಿನಗಳಲ್ಲಿ ನಾವು ಹೇಗೆ ಬದುಕಿದೆವು ಎಂಬುದು ಅವುಗಳಲ್ಲಿ ಇಲ್ಲ. ಆ ಪರವೂರು ನಮ್ಮ ಊರೆನಿಸಿದ್ದು ನಿನ್ನ ಕೈ ಹಿಡಿದು ಓಡಾಡಿದ ವಸಂತದ ತಿಂಗಳುಗಳಲ್ಲಿ ಎಂಬುದು ನಿನಗೆ ತಿಳಿದಿರಬೇಕು.

ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ ಏಳು ಗಂಟೆಯ ನಂತರವೂ ಬೆಳಕಿರುತ್ತದೆ. ಚಳಿಗಾಲವಿಡೀ ಮುಚ್ಚಿದ್ದ ಐಸ್‌ಕ್ರೀಂ ಅಂಗಡಿಗಳು ತೆರೆದಿರುತ್ತವೆ. ಫೋಲ್ಕ್ಸ್‌ಗಾರ್ಟನ್ ಉದ್ಯಾನದಲ್ಲಿ ಗುಲಾಬಿ ಗಿಡಗಳಿಗೆ ತೊಡಿಸಿದ್ದ ಗೋಣಿಚೀಲಗಳನ್ನು ಬಿಚ್ಚುತ್ತಾರೆ. ಮಳೆಯಿದ್ದರೂ ನಿಮ್ಮ ಕಿಂಡರ್‌ಗಾರ್ಟನ್‌ನವರು ಮಕ್ಕಳನ್ನು ಅಂಗಳಕ್ಕೆ ಬಿಡುತ್ತಿದ್ದರು. ಅದಕ್ಕೆಂದೇ ಗಾಚ್‌ಹೋಸೆ ಎಂಬ ನೀರಿಳಿಯದ ಪ್ಯಾಂಟನ್ನು ಪ್ರತಿ ಮಗುವಿನ ಹೆಸರು ಬರೆದು ಮೊಳೆಗೆ ತೂಗುಹಾಕಿರುತ್ತಿದ್ದರು. ಸಂಜೆ ನಿನ್ನನ್ನು ಕರೆದುಕೊಂಡು ಬರಲು ಹೋದಾಗ ಮೊಣಕಾಲಿನವರೆಗೆ ಕೆಸರು ಒಣಗಿ ಬಿಳಿಚಿದ ಆ ಪ್ಯಾಂಟನ್ನು ನೀನು ಹೆಮ್ಮೆಯಿಂದ ಎತ್ತಿ ತೋರಿಸುತ್ತಿದ್ದೆ.

ಭಾನುವಾರ ಅಲ್ಲಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಹಾಲು, ತರಕಾರಿಗಳನ್ನೆಲ್ಲ ಶನಿವಾರವೇ ತಂದಿಟ್ಟು ಮರುದಿನ ಹೊರಡುತ್ತಿದ್ದೆವು. ಹೈಲಿಗೆನ್‌ಷ್ಟಾಟ್‌ನಿಂದ 38ಎ ಬಸ್ಸು ಹತ್ತಿದರೆ 484 ಮೀಟರ್ ಎತ್ತರದ ಕಾಲೆನ್‌ಬೆರ್ಗ್ ಗುಡ್ಡ. ಅಲ್ಲಿಂದ ಕಾಣುವ ಡಾನ್ಯೂಬ್ ನದಿಯ ನಡುವಿನ ಉದ್ದನೆಯ ಪಟ್ಟಿಯೇ, ನೀನು ಸೈಕಲ್ ಕಲಿತ ಡೊನಾವ್‌ಇನ್ಸೆಲ್. ಪ್ರವಾಹದಿಂದ ನಗರವನ್ನು ಕಾಪಾಡಲು 1972ರಿಂದ 1988ರವರೆಗೆ ಹೊಸ ಕಾಲುವೆ ತೋಡಿ, ಆ ಮಣ್ಣಿನಿಂದಲೇ ಕಟ್ಟಿದ 21 ಕಿಲೋಮೀಟರ್ ಉದ್ದದ ದ್ವೀಪ ಅದು.

ಕಾಡಿಗೆ ಹೋದ ದಿನಗಳೇ ನನಗೆ ಹೆಚ್ಚು ಪ್ರಿಯ. ಮಾರ್ಚ್ ಬಂತೆಂದರೆ ವಿಯೆನ್ನಾ ಕಾಡಿನ ನೆಲದಲ್ಲಿ ಬೇರ್ಲೌಖ್ ಎಂಬ ಸೊಪ್ಪು ಹಾಸಿದಂತೆ ಬೆಳೆಯುತ್ತದೆ; ಮರಗಳು ಚಿಗುರುವ ಮುನ್ನವೇ ಇಡೀ ಕಾಡು ಬೆಳ್ಳುಳ್ಳಿಯ ಘಾಟು ಹೊಮ್ಮಿಸುತ್ತದೆ. ಅದನ್ನು ಕೀಳುವುದನ್ನು ನಮಗೆ ಕಲಿಸಿದವರು ಕೆಳಗಿನ ಮನೆಯ ಅಜ್ಜಿ. ಅದನ್ನೇ ಹೋಲುವ ಎರಡು ವಿಷದ ಗಿಡಗಳಿವೆ: ಮೈಗ್ಲೋಕ್‌ಖೆನ್ ಮತ್ತು ಹೆರ್ಬ್‌ಸ್ಟ್‌ಸೈಟ್‌ಲೋಸೆ. ಬೇರ್ಲೌಖ್‌ನ ಪ್ರತಿ ಎಲೆಯೂ ತನ್ನದೇ ತೊಟ್ಟಿನ ಮೇಲೆ ನೆಲದಿಂದ ಏಳುತ್ತದೆ. ಮೈಗ್ಲೋಕ್‌ಖೆನ್‌ನಲ್ಲಿ ಒಂದೇ ಕಾಂಡದಿಂದ ಎರಡು ಎಲೆಗಳು ಹೊರಡುತ್ತವೆ. ಶರತ್ಕಾಲದಲ್ಲಿ ಹೂಬಿಡುವ ಹೆರ್ಬ್‌ಸ್ಟ್‌ಸೈಟ್‌ಲೋಸೆಯ ಎಲೆಗೆ ತೊಟ್ಟೇ ಇಲ್ಲ. ನಾಲ್ಕು ಎಲೆ ಕಿತ್ತರೆ ಬೆರಳಿಗೇ ಬೆಳ್ಳುಳ್ಳಿಯ ವಾಸನೆ ಅಂಟುವುದರಿಂದ ಮೂಗನ್ನು ನಂಬಬಾರದು, ಕಣ್ಣನ್ನೇ ನಂಬಬೇಕು ಎಂದು ಆ ಅಜ್ಜಿ ಹೇಳುತ್ತಿದ್ದರು. ನೀನು ಒಂದೊಂದೇ ಎಲೆಯ ತೊಟ್ಟನ್ನು ಬುಡದವರೆಗೆ ನೋಡಿ ನನ್ನ ಚೀಲಕ್ಕೆ ಹಾಕುತ್ತಿದ್ದೆ. ಮನೆಗೆ ಬಂದು ಅದನ್ನು ಸಣ್ಣಗೆ ಹೆಚ್ಚಿ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸುತ್ತಿದ್ದೆ. ಆ ರೊಟ್ಟಿಯ ರುಚಿ ನನಗೆ ಇಲ್ಲಿ ಮೈಸೂರಿನಲ್ಲಿ ಮತ್ತೆ ಸಿಕ್ಕಿಲ್ಲ.

ಯುಗಾದಿ ಮತ್ತು ಈಸ್ಟರ್ ಅಲ್ಲಿ ಸಾಮಾನ್ಯವಾಗಿ ಹತ್ತಿರ ಹತ್ತಿರವೇ ಬರುತ್ತಿದ್ದವು. ಊರಿನಿಂದ ನಿನ್ನ ಅಜ್ಜಿ ಕಳಿಸಿದ ಒಣ ಬೇವಿನ ಹೂವಿಗೆ ಬೆಲ್ಲ ಬೆರೆಸಿ ಹಬ್ಬ ಮಾಡುತ್ತಿದ್ದೆವು. ಮಾವಿನ ಸೊಪ್ಪು ಸಿಗುತ್ತಿರಲಿಲ್ಲ. ಅಲ್ಲಿಯವರು ಈಸ್ಟರಿನ ಹಿಂದಿನ ಗರಿಗಳ ಭಾನುವಾರಕ್ಕೆ ಚರ್ಚಿಗೆ ಒಯ್ಯುವ, ರೇಷ್ಮೆಯಂಥ ಮೊಗ್ಗಿನ ವಿಲ್ಲೋ ಕೊಂಬೆಗಳನ್ನು ಹೂದಾನಿಯಲ್ಲಿಟ್ಟು, ಒಳಗನ್ನು ಊದಿ ಖಾಲಿ ಮಾಡಿ ಬಣ್ಣ ಬಳಿದ ಮೊಟ್ಟೆಗಳನ್ನು ಅವಕ್ಕೆ ತೂಗುಹಾಕುತ್ತಾರೆ. ನೀನು ಆ ಹೂದಾನಿಯನ್ನು ದೇವರ ಮುಂದೆಯೇ ಇಡಬೇಕೆಂದು ಹಟ ಹಿಡಿದೆ, ನಾವು ಹಾಗೆಯೇ ಇಟ್ಟೆವು. ಅದು ಸರಿಯಾದ ಜಾಗವೇ ಆಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ನಿನ್ನ ಮೇಜಿನ ಮೇಲಿರುವ ಫೋಟೋ ವಾಖಾವು ಕಣಿವೆಯದು. ಕ್ರೆಮ್ಸ್‌ವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹೋದೆವು. ಡಾನ್ಯೂಬ್ ದಂಡೆಯ ಆ ಹಳ್ಳಿಗಳಲ್ಲಿ ಏಪ್ರಿಕಾಟ್ ಮರಗಳು ಎಲೆ ಬರುವ ಮೊದಲೇ ಮೈತುಂಬ ಹೂಬಿಡುತ್ತವೆ. ಆ ಹೊತ್ತಿಗೆ ಒಂದು ರಾತ್ರಿ ಹಿಮ ಬಿದ್ದರೂ ವರ್ಷದ ಬೆಳೆ ಹೋಗುತ್ತದೆ; ಹಾಗಾಗಿ ರೈತರು ತೋಟದಲ್ಲಿ ಬೆಂಕಿ ಹಾಕಿ ನಿದ್ದೆಗೆಟ್ಟು ಕಾಯುತ್ತಾರೆ. ಡ್ಯೂರ್ನ್‌ಷ್ಟೈನ್‌ನಲ್ಲಿ, ಇಂಗ್ಲೆಂಡಿನ ರಾಜ ರಿಚರ್ಡನನ್ನು 1192ರ ಚಳಿಗಾಲದಲ್ಲಿ ಸೆರೆಯಿಟ್ಟಿದ್ದ ಕೋಟೆಯ ಅವಶೇಷಗಳಿಗೆ ನೀನು ನಡೆದೇ ಹತ್ತಿದೆ. ರಾಜನಿಗೆ ಊಟ ಯಾರು ತಂದುಕೊಡುತ್ತಿದ್ದರು ಎಂದು ದಾರಿಯುದ್ದಕ್ಕೂ ನಿನ್ನ ತಂದೆಯನ್ನು ಕೇಳುತ್ತಿದ್ದೆ.

ಆ ಏಪ್ರಿಕಾಟ್ ಹೂವು ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಅರಳಿ ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ನಿನ್ನ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮುಂದಿನ ವರ್ಷ ನಾವು ಮೂವರೂ ಹೋಗೋಣ ಎಂದು ನಿನ್ನ ತಂದೆಯೊಂದಿಗೆ ಮಾತಾಡಿದ್ದೇನೆ. ನಿನಗೆ ಒಪ್ಪಿಗೆಯಿದ್ದರೆ ಈ ತಿಂಗಳೇ ಟಿಕೆಟ್ ನೋಡುತ್ತೇನೆ.

ನಿನ್ನ ಪ್ರೀತಿಯ,
ಅಮ್ಮ