ಸುಮ್ಮನೆ ಮಲಗಿದವನ ಹತ್ತಿರ ಮೊದಲು ಹೋಗು

ಪ್ರೀತಿಯ ದೋಸ್ತ,

ಮೊನ್ನೆ ನೀನು ಕಳಿಸಿದ ಪ್ರಶ್ನೆ ಓದಿದೆ. ತುಂಗಭದ್ರೆಯಲ್ಲಿ ದೋಣಿ ಮುಳುಗುತ್ತಿದೆ. ಒಳಗೆ ಒಬ್ಬ ಡಾಕ್ಟರ್, ಒಬ್ಬ ರೈತ, ಒಬ್ಬಳು ಬಸುರಿ, ಒಬ್ಬ ಮುದುಕ, ಒಬ್ಬ ಕುಡುಕ, ಒಂದು ಮಗು. ಮೂವರನ್ನು ಮಾತ್ರ ಉಳಿಸಬಹುದು. ಯಾರನ್ನು ಉಳಿಸುತ್ತೀರಿ, ಯಾಕೆ? ಒಂಬತ್ತನೇ ಕ್ಲಾಸಿನ ಹುಡುಗರು ಎಷ್ಟು ಚೆಂದ ಬರೆದಿದ್ದಾರೆ ನೋಡು ಅಂತ ಉತ್ತರದ ಫೋಟೋಗಳನ್ನೂ ಹಾಕಿದ್ದೆ. ಎಲ್ಲ ಓದಿದೆ. ಒಬ್ಬ ಹುಡುಗನೂ ಕುಡುಕನನ್ನು ಉಳಿಸಿಲ್ಲ.

ನಾನು ಉತ್ತರ ಕೊಡಲಿಲ್ಲ ಅಂತ ನಿನಗೆ ಬೇಜಾರಾಗಿರಬೇಕು. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಇಲ್ಲಿಯವರೆಗೂ ನಿನಗೆ ಹೇಳದ ಒಂದು ವಿಷಯ ಇದೆ.

ಮೂರು ವರ್ಷದ ಹಿಂದೆ, ಉಳ್ಳಾಗಡ್ಡಿ ಕೀಳುವ ಕಾಲ. ಅವ್ವನನ್ನು ಗದಗಿನಿಂದ ಹುಬ್ಬಳ್ಳಿಗೆ ಕರೆದುಕೊಂಡು ಬರುತ್ತಿದ್ದೆ. ಅಣ್ಣಿಗೇರಿ ದಾಟಿತ್ತು, ನಲವಡಿ ಇನ್ನೂ ಬಂದಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಮುಂದೆ ರಸ್ತೆಯಲ್ಲಿ ಏಳೆಂಟು ಮಂದಿ ನಿಂತಿದ್ದರು. ಬೈಕೊಂದು ಅಡ್ಡ ಬಿದ್ದಿತ್ತು. ಬೈಕಿನ ಹುಡುಗ ಇಸ್ತ್ರಿ ಅಂಗಿ ಹಾಕಿದ್ದ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ಮೊಣಕಾಲ ಕೆಳಗೆ ಕಾಲು ಮುರಿದಿತ್ತು. "ಅಣ್ಣಾ, ಉಳಸ್ರೀ" ಅಂತ ಚೀರುತ್ತಿದ್ದ. ಅವನ ಬೈಕು ಬಡಿದಿದ್ದು ಹೊಲದಿಂದ ಮನೆಗೆ ಹೊರಟಿದ್ದ ಒಬ್ಬ ಕೂಲಿಯವನಿಗೆ. ಅವನು ರಸ್ತೆ ಪಕ್ಕದ ಎರೆಮಣ್ಣಿನ ಮೇಲೆ ಅಂಗಾತ ಬಿದ್ದಿದ್ದ. ಮೈಮೇಲೆ ಒಂದು ಹನಿ ರಕ್ತ ಇರಲಿಲ್ಲ. ಬಾಯಿಂದ ಸೆರೆಯ ವಾಸನೆ ಬರುತ್ತಿತ್ತು.

"ಅಂವ ಕುಡದ ಬಿದ್ದಾನ್ರೀ, ಮೊದ್ಲ ಈ ಹುಡುಗನ್ನ ಒಯ್ರೀ" ಅಂದರು ಯಾರೋ. ನಾನು ಒಂದು ಮಾತೂ ಕೇಳಲಿಲ್ಲ. ಅವ್ವ ಮುಂದಿನ ಸೀಟಿಗೆ ಬಂದಳು. ಹುಡುಗನಿಗೆ ಕಾಲು ಮಡಚಲು ಆಗುತ್ತಿರಲಿಲ್ಲ, ಹಿಂದಿನ ಸೀಟು ಪೂರ್ತಿ ಅವನಿಗೇ ಬೇಕಾಯಿತು. ಕಾರಿನ ಬಾಗಿಲು ಹಾಕುವಾಗ ಆ ಕೂಲಿಯವನು ನನ್ನ ಕಡೆ ನೋಡಿ "ನೀರ..." ಅಂದ. ದನಿ ಬಹಳ ಸಣ್ಣದಿತ್ತು. ನಾನು ಬಗ್ಗಿ ಅವನ ಕೈ ಮುಟ್ಟಿದೆ. ಕೈ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು. ನಿಶೆ ಇಳಿಯುತ್ತಿದೆ ಅಂದುಕೊಂಡೆ. ಅಷ್ಟೇ ಅಂದುಕೊಂಡೆ, ದೋಸ್ತ. ಗಾಡಿ ಬಿಟ್ಟೆ.

ಅವನನ್ನು ಸುಮಾರು ಅರ್ಧ ಗಂಟೆ ಆದ ಮೇಲೆ ಉಳ್ಳಾಗಡ್ಡಿ ಹೇರಿದ ಟೆಂಪೋದವನೊಬ್ಬ ಎತ್ತಿ ಹಾಕಿಕೊಂಡು ಬಂದ. ನಾನಿನ್ನೂ ಆಸ್ಪತ್ರೆಯಲ್ಲೇ ಇದ್ದೆ. ಸ್ಟ್ರೆಚರ್ ಮೇಲೆ ಅವನನ್ನು ನೋಡಿ ಗುರುತು ಹಿಡಿದೆ. ಆ ರಾತ್ರಿ ತೀರಿಕೊಂಡ. ಹೊಟ್ಟೆಯೊಳಗೆ ರಕ್ತ ಸೋರಿತ್ತಂತೆ. ಮೊದಲು ತಂದಿದ್ದರೆ ಉಳೀತಿದ್ನಾ ಅಂತ ಡಾಕ್ಟರನ್ನು ಕೇಳಿದೆ. ಅವರು ನನ್ನ ಮುಖ ನೋಡಿದರು, ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಹುಡುಗನ ಕಾಲಿಗೆ ರಾಡ್ ಹಾಕಿದರು. ಈಗ ಆರಾಮಾಗಿ ಓಡಾಡುತ್ತಾನೆ, ಹಬ್ಬಕ್ಕೆ ನನಗೆ ಫೋನ್ ಮಾಡುತ್ತಾನೆ. ಅವನು ಉಳಿದದ್ದಕ್ಕೆ ನನಗೆ ಖುಷಿಯೇ ಇದೆ. ಆದರೆ ಆ ಫೋನ್ ಎತ್ತುವಾಗೆಲ್ಲ ಕಿವಿಯಲ್ಲಿ "ನೀರ" ಅನ್ನುವ ದನಿ ಕೇಳುತ್ತದೆ.

ಆಮೇಲೆ ನಾನು ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ಹೋದೆ. ಕಲಿಸಿದವರು ಶುರುವಿನಲ್ಲೇ ಹೇಳಿದರು: "ಚೀರುವವನ ಉಸಿರು ನಡೆದಿದೆ ಅಂತ ನಿಮಗೆ ಗೊತ್ತಾಯಿತು. ಸುಮ್ಮನೆ ಮಲಗಿದವನ ಹತ್ತಿರ ಮೊದಲು ಹೋಗಿ." ಒಳಗೆ ರಕ್ತ ಹೋಗುತ್ತಿದ್ದರೆ ಮೈ ತಣ್ಣಗಾಗುತ್ತದೆ, ಬೆವರುತ್ತದೆ, ನಾಡಿ ಜೋರಾಗಿ ಓಡುತ್ತದೆ, ಬಾಯಾರಿಕೆ ಆಗುತ್ತದೆ ಅಂದರು. ನಾನು ಎದ್ದು ಹೊರಗೆ ಹೋಗಿ ನಿಂತೆ.

ತುಂಬಾ ಮಂದಿಗೆ ಒಮ್ಮೆಲೇ ಪೆಟ್ಟಾದಾಗ ಯಾರನ್ನು ಮೊದಲು ನೋಡಬೇಕು ಅನ್ನುವ ಲೆಕ್ಕ ಬಹಳ ಸರಳ ಇದೆ. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಆಸ್ಪತ್ರೆಯವರೂ ಅಗ್ನಿಶಾಮಕ ದಳದವರೂ ಕೂಡಿ ಮಾಡಿದ ಪದ್ಧತಿ. 'ಸ್ಟಾರ್ಟ್' ಅಂತ ಹೆಸರು. ಎದ್ದು ನಡೆಯುವವರಿಗೆ ಹಸಿರು ಪಟ್ಟಿ ಕಟ್ಟುತ್ತಾರೆ. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಹೇಳಿದ ಮಾತು ತಿಳಿಯದಿದ್ದರೆ ಕೆಂಪು, ಅಂದರೆ ತಡ ಮಾಡುವಂತಿಲ್ಲ. ಉಳಿದವರಿಗೆ ಹಳದಿ, ಸ್ವಲ್ಪ ಕಾಯಬಹುದು. ಒಬ್ಬೊಬ್ಬರಿಗೆ ಒಂದು ನಿಮಿಷ ಸಾಕು. ಆ ಸಂಜೆಯ ಹುಡುಗ ಹಳದಿ. ಕೂಲಿಯವನು ಕೆಂಪು. ನಾನು ನಾಡಿ ಹಿಡಿದು ನೋಡಿರಲಿಲ್ಲ, ಆದರೂ ಆ ಕೈ ಹೇಗಿತ್ತು ಅಂತ ನನಗೆ ಗೊತ್ತಿದೆ.

ಕಪ್ಪು ಪಟ್ಟಿಯೂ ಇದೆ. ಉಸಿರಿನ ದಾರಿ ಸರಿಮಾಡಿ ಕೊಟ್ಟರೂ ಉಸಿರು ಬರದಿದ್ದರೆ ಅವರನ್ನು ಬಿಟ್ಟು ಮುಂದೆ ಹೋಗಬೇಕು. ಅದನ್ನು ಹೇಳುವಾಗ ಕಲಿಸುವವರ ದನಿ ತಗ್ಗಿತು. ಒಬ್ಬಿಬ್ಬರಿಗೆ ಪೆಟ್ಟಾದಾಗ ಹಾಗೆ ಬಿಡುವುದಿಲ್ಲ, ಎದೆ ಒತ್ತುತ್ತಲೇ ಇರುತ್ತಾರೆ. ಕೈಗಳು ಕಡಿಮೆ, ಬಿದ್ದವರು ಜಾಸ್ತಿ ಆದಾಗ ಮಾತ್ರ. ಅದೂ ಕಠಿಣ ನಿರ್ಧಾರವೇ. ಆದರೆ ಅಲ್ಲಿ ಯಾರೂ ನೀನು ಏನು ಕೆಲಸ ಮಾಡುತ್ತೀ, ಕುಡಿಯುತ್ತೀಯಾ ಅಂತ ಕೇಳುವುದಿಲ್ಲ. ಇನ್ನೂರು ವರ್ಷದ ಹಿಂದೆಯೇ ನೆಪೋಲಿಯನ್ನನ ಸೈನ್ಯದ ವೈದ್ಯ ಲಾರೆ, ಅಧಿಕಾರಿ ಮೊದಲು ಸಿಪಾಯಿ ಆಮೇಲೆ ಅನ್ನುವುದನ್ನು ಬಿಟ್ಟು, ಗಾಯ ಯಾರದು ದೊಡ್ಡದೋ ಅವರಿಗೆ ಮೊದಲು ಅಂದಿದ್ದ.

ಅವನು ಕುಡಿದಿದ್ದ, ನಿಜ. ಕುಡಿದಿದ್ದರೆ ಏನಾಯಿತು? ಇದನ್ನು ನಿನ್ನ ಹುಡುಗರಿಗೆ ನೀನು ಹೇಳಬೇಕು.

ನಿನ್ನ ದೋಣಿಯ ಪ್ರಶ್ನೆಯನ್ನು ದೊಡ್ಡವರು ನಿಜವಾಗಿಯೂ ಆಡಿದ್ದಾರೆ. ಅಮೆರಿಕದ ಸಿಯಾಟಲ್‌ನಲ್ಲಿ ಡಾಕ್ಟರ್ ಸ್ಕ್ರಿಬ್ನರ್ 1960ರಲ್ಲಿ ಕಿಡ್ನಿ ಕೆಟ್ಟವರಿಗೆ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವ ದಾರಿ ಕಂಡುಹಿಡಿದರು. ಮಷೀನು ಕೆಲವೇ, ರೋಗಿಗಳು ತುಂಬಾ. ಯಾರಿಗೆ ಕೊಡಬೇಕು ಅಂತ ಏಳು ಮಂದಿಯ ಸಮಿತಿ ಮಾಡಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಹೀಗೆ. ಅವರು ರೋಗಿಯ ಸಂಬಳ ನೋಡಿದರು, ಮಕ್ಕಳೆಷ್ಟು ಅಂತ ನೋಡಿದರು, ಚರ್ಚಿಗೆ ಹೋಗುತ್ತಾನಾ ಅಂತಲೂ ನೋಡಿದರು. 1962ರಲ್ಲಿ 'ಲೈಫ್' ಪತ್ರಿಕೆ ಇದನ್ನು ಬರೆದಾಗ ಜನ ದಂಗಾದರು. ಆ ಏಳು ಮಂದಿ ಕೆಟ್ಟವರಲ್ಲ, ದೋಸ್ತ. ನಿನ್ನ ಹುಡುಗರ ಹಾಗೆ ಒಳ್ಳೆಯವರೇ. ತಮ್ಮಂಥವರೇ ಅವರ ಕಣ್ಣಿಗೆ ಯೋಗ್ಯರಾಗಿ ಕಂಡರು. ನನಗೆ ಇಸ್ತ್ರಿ ಅಂಗಿ ಕಂಡ ಹಾಗೆ.

ಆ ಸಮಿತಿಯ ಕೆಲಸ ಹೇಗೆ ಮುಗಿಯಿತು ಗೊತ್ತಾ? 1972ರಲ್ಲಿ ಸರ್ಕಾರ ಕಾನೂನು ಮಾಡಿ ಡಯಾಲಿಸಿಸ್ ಖರ್ಚು ಹೊತ್ತುಕೊಂಡಿತು. ಮಷೀನು ಹೆಚ್ಚಿದವು, ಆರಿಸುವ ಪ್ರಶ್ನೆ ಬಿದ್ದುಹೋಯಿತು. ನಿನ್ನ ಹುಡುಗರಲ್ಲಿ ಒಬ್ಬನಾದರೂ 'ಸರ್, ದೋಣಿ ಯಾಕೆ ಇಷ್ಟು ಸಣ್ಣದು' ಅಂತ ಕೇಳಿದನಾ?

ನಮ್ಮ ಕಣ್ಣೆದುರಿನದೇ ನೆನಪು ಮಾಡಿಕೋ. 2019ರ ಮಾರ್ಚ್ 19, ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗ್ ಕುಸಿದಿತ್ತಲ್ಲ. 19 ಮಂದಿ ಹೋದರು. ಎರಡು ದಿನ ದಾಟಿದ ಮೇಲೂ ಜನ ಜೀವಂತ ಹೊರಗೆ ಬಂದರು. ಕಲ್ಲಿನ ಕೆಳಗೆ ಇರುವವನು ಅಂಗಡಿಯ ಮಾಲೀಕನೋ ಗೌಂಡಿಯೋ ಅಂತ ಮೊದಲು ಕೇಳಿ ಆಮೇಲೆ ಕಲ್ಲು ಸರಿಸಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡು.

ಇನ್ನೊಂದು. ಆ ಸಂಜೆ ಅಲ್ಲಿ ನಿಂತವರಲ್ಲಿ ಬೈಕು ಇದ್ದವರಿದ್ದರು, ಟ್ರ್ಯಾಕ್ಟರ್ ಕೂಡ ಇತ್ತು. "ಕೇಸ್ ಆಗ್ತದ್ರೀ" ಅಂತ ಹಿಂದೆ ಸರಿದರು. ಎತ್ತಿಕೊಂಡು ಹೋದವರಿಗೆ ತೊಂದರೆ ಕೊಡಬಾರದು ಅಂತ ಕರ್ನಾಟಕದಲ್ಲಿ ಕಾಯ್ದೆಯೇ ಇದೆ. ಪೊಲೀಸರು ಬರಲಿ ಅಂತ ಕಾಯದೆ ಚಿಕಿತ್ಸೆ ಶುರು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಇದನ್ನೂ ಬೋರ್ಡಿನ ಮೇಲೆ ಬರೆ.

ಮುಂದಿನ ಶನಿವಾರ ನಾನು ನಿಮ್ಮ ಶಾಲೆಗೆ ಬರುತ್ತೇನೆ, ಹೆಡ್ ಮಾಸ್ತರರನ್ನು ಕೇಳಿ ಇಡು. ಕೆಂಪು, ಹಳದಿ, ಹಸಿರು ಬಟ್ಟೆಯ ಪಟ್ಟಿ ತರುತ್ತೇನೆ. ಹುಡುಗರನ್ನು ಮೈದಾನದಲ್ಲಿ ಮಲಗಿಸೋಣ. ಕೆಲವರು ಚೀರಲಿ, ಕೆಲವರು ಸುಮ್ಮನಿರಲಿ. ಎದೆ ಏರಿಳಿಯುವುದನ್ನು ಎಣಿಸಲು, ಮಣಿಕಟ್ಟಿನಲ್ಲಿ ನಾಡಿ ಹುಡುಕಲು ಕಲಿಸೋಣ. ಯಾರಾದರೂ ಒಬ್ಬ ಹುಡುಗ ಕುಡುಕನ ಪಾತ್ರ ಮಾಡಲಿ. ಉಳಿದವರು ಅವನ ಕೈ ಮುಟ್ಟಿ ನೋಡುತ್ತಾರಾ ಅಂತ ನಾನು ನೋಡಬೇಕು.

ನಿನ್ನ ದೋಸ್ತ,
ಹುಬ್ಬಳ್ಳಿ