ಅಸ್ಥಿಪಂಜರ ಮಾದರಿಯಲ್ಲಿ ಅಲ್ಪ ಚಲನೆಯ ಕೀಲುಗಳನ್ನು ತಪ್ಪಾಗಿ ತೋರಿಸಿರುವ ಬಗ್ಗೆ ದೂರು

ಇಂದ:
ಜೀವಶಾಸ್ತ್ರ ಉಪನ್ಯಾಸಕಿ,
ಪದವಿಪೂರ್ವ ಕಾಲೇಜು, ಹಾಸನ

ಗೆ:
ವ್ಯವಸ್ಥಾಪಕರು,
ಪ್ರಯೋಗಾಲಯ ಉಪಕರಣಗಳ ಸರಬರಾಜು ಸಂಸ್ಥೆ

ಮಾನ್ಯರೇ,

ನಮ್ಮ ಕಾಲೇಜಿನ ಅಭಿವೃದ್ಧಿ ನಿಧಿಯ ಹಣದಲ್ಲಿ ತಮ್ಮಿಂದ ಖರೀದಿಸಿದ ಆಳೆತ್ತರದ ಅಸ್ಥಿಪಂಜರ ಮಾದರಿಯಲ್ಲಿಯೂ ಅದರ ಕನ್ನಡ ಕೈಪಿಡಿಯಲ್ಲಿಯೂ ಪ್ರಥಮ ಪಿಯುಸಿ ಪಾಠಕ್ಕೆ ಬಳಸಲಾಗದಂತಹ ದೋಷಗಳಿವೆ.

ಮುಖ್ಯ ದೋಷವಿರುವುದು ಬೆನ್ನುಮೂಳೆಯಲ್ಲಿ. ತಮ್ಮ ಕ್ಯಾಟಲಾಗಿನಲ್ಲಿ ‘ಬಾಗುವ ಬೆನ್ನುಮೂಳೆ’ ಎಂದು ನಮೂದಿಸಿದ್ದರೂ, ನಮಗೆ ಬಂದಿರುವ ಮಾದರಿಯಲ್ಲಿ ಕಶೇರುಗಳನ್ನೂ (ಬೆನ್ನುಮೂಳೆಯ ಬಿಡಿ ಮೂಳೆಗಳು) ಅವುಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯ (ಮೆದು ಎಲುಬಿನ) ಡಿಸ್ಕ್‌ಗಳನ್ನೂ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಒಂದೇ ಅಚ್ಚಾಗಿ ಎರಕ ಹೊಯ್ದು, ಡಿಸ್ಕ್ ಇರಬೇಕಾದ ಜಾಗಕ್ಕೆ ಬರೀ ಬಣ್ಣ ಬಳಿಯಲಾಗಿದೆ. ಎರಡು ಕಶೇರುಗಳ ನಡುವಿನ ಈ ಕೀಲು ತಲೆಬುರುಡೆಯ ಹೊಲಿಗೆಗಳಂತೆ ಅಚಲವೂ ಅಲ್ಲ, ಭುಜದ ಕೀಲಿನಂತೆ ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗುವಂಥದ್ದೂ ಅಲ್ಲ. ಹೊರಗೆ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು ಇರುವ ಡಿಸ್ಕ್ ಒತ್ತಡ ಬಿದ್ದ ಕಡೆ ತುಸು ಕುಗ್ಗುವುದರಿಂದ ಒಂದೊಂದು ಕೀಲೂ ಕೆಲವೇ ಡಿಗ್ರಿಗಳಷ್ಟು ಬಾಗುತ್ತದೆ, ಆ ಸಣ್ಣ ಸಣ್ಣ ಬಾಗುಗಳೆಲ್ಲ ಕೂಡಿದಾಗ ಇಡೀ ಬೆನ್ನು ಬಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಕೈಯಾರೆ ಬಾಗಿಸಿ ನೋಡಲಿ ಎಂಬ ಕಾರಣಕ್ಕೇ ನಾವು ಅಗ್ಗದ ಚಿತ್ರಪಟ ಬಿಟ್ಟು ದುಬಾರಿಯಾದ ಮಾದರಿಯನ್ನು ಕೊಂಡೆವು.

ಕೈಪಿಡಿಯಲ್ಲಿ ಡಿಸ್ಕ್‌ಗಳ ಸಂಖ್ಯೆ 24 ಎಂದು ಅಚ್ಚಾಗಿದ್ದು, ಕತ್ತಿನ ಮೊದಲ ಎರಡು ಕಶೇರುಗಳ ನಡುವೆಯೂ ಒಂದನ್ನು ಚಿತ್ರಿಸಲಾಗಿದೆ. ಅಲ್ಲಿ ಡಿಸ್ಕ್ ಇರುವುದೇ ಇಲ್ಲ. ಅದು ತಲೆಯನ್ನು ಅತ್ತಿತ್ತ ಹೊರಳಿಸುವ ತಿರುಗಣೆ ಕೀಲು, ಹಾಗಾಗಿ ಡಿಸ್ಕ್‌ಗಳು ಸಾಮಾನ್ಯವಾಗಿ 23. ಶ್ರೋಣಿಯ (ಸೊಂಟದ ಮೂಳೆಕಟ್ಟಿನ) ಮುಂಭಾಗದಲ್ಲಿ ಎಡಬಲದ ಮೂಳೆಗಳು ಮೃದ್ವಸ್ಥಿಯ ಮೂಲಕ ಕೂಡುವ ಕೀಲನ್ನು ‘ಅಚಲ’ ಎಂಬ ಗುಂಪಿಗೆ ಸೇರಿಸಿರುವುದು ನನಗೆ ಇನ್ನೂ ಬೇಸರದ ಸಂಗತಿ. ಗರ್ಭಾವಸ್ಥೆಯಲ್ಲಿ ತುಸು ಸಡಿಲಗೊಂಡು ಹೆರಿಗೆಗೆ ಅನುವಾಗುವ ಕೀಲನ್ನು ಅಚಲವೆಂದು, ಮುಂದೆ ನರ್ಸಿಂಗ್ ಇಲ್ಲವೇ ವೈದ್ಯಕೀಯ ಓದಲಿರುವ ಮಕ್ಕಳಿಗೆ ನಾನು ಹೇಗೆ ಕಲಿಸಲಿ?

ದೂರವಾಣಿಯಲ್ಲಿ ವಿಚಾರಿಸಿದಾಗ ತಮ್ಮ ಪ್ರತಿನಿಧಿಯವರು ಪಿಯುಸಿ ಮಕ್ಕಳಿಗೆ ಇಷ್ಟು ಸಾಕು ಎಂದರು. ಈ ಮಾತನ್ನು ನಾನು ಖಂಡಿತ ಒಪ್ಪಲಾರೆ. ಮೃದ್ವಸ್ಥಿ ಕೀಲುಗಳು ಸೀಮಿತ ಚಲನೆಗೆ ಅವಕಾಶ ಕೊಡುತ್ತವೆ ಎಂಬುದು ಆ ಮಕ್ಕಳ ಪಠ್ಯಪುಸ್ತಕದಲ್ಲಿಯೇ ಇದೆ.

ಆದ್ದರಿಂದ, ಈ ಪತ್ರ ತಲುಪಿದ 15 ದಿನಗಳೊಳಗೆ ರಬ್ಬರಿನಂಥ ಮೆತ್ತನೆಯ ಡಿಸ್ಕ್‌ಗಳುಳ್ಳ ಬದಲಿ ಬೆನ್ನುಮೂಳೆಯನ್ನು ತಮ್ಮ ಖರ್ಚಿನಲ್ಲಿಯೇ ಅಳವಡಿಸಿ, ತಿದ್ದಿದ ಕೈಪಿಡಿಯನ್ನು ಕಳುಹಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ ಮಾದರಿಯನ್ನು ಹಿಂಪಡೆದು ಪೂರ್ಣ ಮೊತ್ತವನ್ನು ಮರಳಿಸಬೇಕು. ಇದೇ ಕೈಪಿಡಿ ಹೋಗಿರುವ ಇತರ ಕಾಲೇಜುಗಳಿಗೂ ತಿದ್ದುಪಡಿಯನ್ನು ಕಳುಹಿಸಬೇಕೆಂದು ಕೋರುತ್ತೇನೆ. ರಸೀದಿಯ ನಕಲು ಮತ್ತು ಛಾಯಾಚಿತ್ರಗಳನ್ನು ಲಗತ್ತಿಸಿದೆ.

ಇಂತಿ ತಮ್ಮ ವಿಶ್ವಾಸಿ,
ಜೀವಶಾಸ್ತ್ರ ಉಪನ್ಯಾಸಕಿ